ಹಿಂಜುವವನ ಮಗ ಅರಬ್ಬಿ ಕಲಿತದ್ದು

"ಯಾರು ಕಳಿಸ್ಯಾರ ನಿಮ್ಮನ್ನ?"

ಅರಬ್ಬಿ ಕಲಿಸಿಕೊಡಿ ಎಂದು ಕೇಳಲು ಹೋದಾಗ ಉಸ್ತಾದರ ಬಾಯಿಂದ ಬಂದ ಮೊದಲ ಮಾತು ಇದು. ಕಿತ್ತೂರಿನಲ್ಲಿ ಹೆದ್ದಾರಿಗೆ ಹೊಂದಿಕೊಂಡು ಅವರ ಮಗನ ಪಂಕ್ಚರ್ ಅಂಗಡಿ ಇತ್ತು. ಅದರ ಹಿಂದಿನ ಕೋಣೆಯಲ್ಲಿ ಮುದುಕರ ವಾಸ. ಎಲ್ಲೆಲ್ಲಿಯೋ ಮದರಸಾಗಳಲ್ಲಿ ಪಾಠ ಹೇಳಿ, ಕಣ್ಣು ಮಂಜಾದ ಮೇಲೆ ಊರಿಗೆ ಮರಳಿದವರು.

"ಯಾರೂ ಕಳಿಸಿಲ್ರಿ. ಕುರಾನ್ ಓದಾಕ ಬರತೈತಿ, ಅರ್ಥ ತಿಳಿಯಂಗಿಲ್ಲ. ಅದಕ್ಕ ಬಂದೇನಿ."

"ಅರ್ಥ ತಗೊಂಡು ಏನ್ ಮಾಡತೀರಿ? ಮಂದಿ ಜೋಡಿ ವಾದಾ ಹಾಕತೀರೇನು?"

"ಇಲ್ರಿ."

"ಪೇಪರಿನಾಗ ಬರೀತೀರೇನು?"

"ಇಲ್ರಿ. ನಾ ಬಿಎ ಮುಗಿಸೇನಿ."

ಆ ಪ್ರಶ್ನೆಗೂ ಬಿಎಗೂ ಏನು ಸಂಬಂಧವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆ ದಿನಗಳಲ್ಲಿ ಯಾರು ಏನೇ ಕೇಳಲಿ, ನಾನು ಅದೇ ಉತ್ತರ ಕೊಡುತ್ತಿದ್ದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ.

"ತಂದಿ ಏನ್ ಮಾಡತಾರ?"

"ದೊಡವಾಡದಾಗ ಹತ್ತಿ ಹಿಂಜತಾರ್ರೀ. ಗಾದಿ ಹಾಕತಾರ."

ಮುದುಕರು ನಕ್ಕರು. "ಹಂಗಾರ ನಿಮ್ಮದೂ ಇದರಾಗ ಐತಿ. ಬರ್ರಿ ಐತವಾರ."

ಆ ನಗು ನನಗೆ ಹಿಡಿಸಲಿಲ್ಲ. ನಾವು ಪಿಂಜಾರರು, ಮನೆಯಲ್ಲಿ ಕನ್ನಡ ಆಡುವವರು. ಬೈಲಹೊಂಗಲದ ಕಾಲೇಜಿನಲ್ಲಿ ಉರ್ದು ಆಡುವ ಹುಡುಗರು ನನ್ನನ್ನು "ಕನ್ನಡ ಸಾಬ" ಎಂದು ಕರೆದು, ನನ್ನ ನಮಾಜು ದೇವರಿಗೆ ಮುಟ್ಟುತ್ತದೋ ಇಲ್ಲವೋ ಎಂದು ನಗುತ್ತಿದ್ದರು. ಉಳಿದವರು ನಿನ್ನ ಕನ್ನಡ ಎಷ್ಟು ಛಂದ ಎಂದು ಹೊಗಳುತ್ತಿದ್ದರು. ಹೊಗಳಿಕೆ ಇನ್ನೂ ಕೆಟ್ಟದಾಗಿ ಚುಚ್ಚುತ್ತಿತ್ತು. ನನ್ನ ಭಾಷೆ ನನಗೆ ಬಂದರೆ ಹೊಗಳುವುದೇನಿದೆ? ಅಪ್ಪನ ಕಸುಬಿನ ಹೆಸರು ಎತ್ತಿ ಯಾರು ನಕ್ಕರೂ ನನಗೆ ಮೊದಲು ಬರುವುದು ಅನುಮಾನ.

ಅನುಮಾನ ಪಡುವುದನ್ನು ನನಗೆ ಕಲಿಸಿದ್ದು ಓದೇ. ಬಿಎ ಆಗಿ ನೌಕರಿ ಸಿಗುವ ತನಕ ಊರ ಮಂದಿಯ ಕಾಗದಪತ್ರ ಓದಿ ಹೇಳುತ್ತಿದ್ದೆ. ಹೊಲದ ಉತಾರ, ನೋಟಿಸು, ಸೊಸೈಟಿಯ ಪತ್ರ. "ನಿನಗ್ಯಾಕ ಅದು, ಹೆಬ್ಬಟ್ಟು ಒತ್ತು ಸಾಕು" ಎಂದು ಯಾರಾದರೂ ಹೇಳಿದರೆ ಆ ಕಾಗದವನ್ನೇ ಮೊದಲು ಓದಬೇಕು ಎಂದು ಆಗ ತಿಳಿಯಿತು. ಚಿಕ್ಕಂದಿನಲ್ಲಿ ಮಸೂತಿಯಲ್ಲಿ ನಾನು ಅರ್ಥ ಕೇಳಿದಾಗಲೂ ಹೀಗೇ ಹೇಳಿದ್ದರು: "ಅದು ದೊಡ್ಡವರ ಕೆಲಸ. ನೀ ಓದು, ಪುಣ್ಯ ಬರತೈತಿ." ದೊಡ್ಡವನಾಗಿ ನೋಡಿದರೆ ದೊಡ್ಡವರಿಗೂ ಗೊತ್ತಿರಲಿಲ್ಲ. ಹಾಗಾದರೆ ಯಾರ ಹತ್ತಿರ ಇದೆ ಆ ಅರ್ಥ, ಯಾಕೆ ನಮ್ಮ ಮನೆಗೆ ಬಂದಿಲ್ಲ ಎಂಬುದು ನನ್ನ ತಲೆ ಕೊರೆಯುತ್ತಿತ್ತು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಸುರೇಬಾನದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾದೆ. ಶನಿವಾರ ಸಾಲಿ ಬಿಟ್ಟ ಕೂಡಲೇ ರಾಮದುರ್ಗಕ್ಕೆ, ಅಲ್ಲಿಂದ ಸವದತ್ತಿಗೆ, ಅಲ್ಲಿಂದ ಬೈಲಹೊಂಗಲ ಹಿಡಿದು ಊರಿಗೆ. ಭಾನುವಾರ ಬೆಳಿಗ್ಗೆ ಕಿತ್ತೂರು. ಬಸ್ಸಿನಲ್ಲಿ ಅರಬ್ಬಿ ಪಾಠದ ಪುಸ್ತಕಕ್ಕೆ ಪೇಪರಿನ ಹೊದಿಕೆ ಹಾಕಿಕೊಂಡು ಓದುತ್ತಿದ್ದೆ. ಸವದತ್ತಿಯಲ್ಲಿ ಒಂದು ಸಲ, ದೇವಿಯ ಗುಡ್ಡದಿಂದ ಇಳಿದು ಬಂದ, ಹಣೆ ತುಂಬ ಭಂಡಾರದ ಅರಿಷಿಣ ಬಡಿದುಕೊಂಡ ಮುದುಕಿ ಪಕ್ಕದಲ್ಲಿ ಕೂತು ಬಗ್ಗಿ ನೋಡಿದಳು.

"ಏನೋ ಯಪ್ಪಾ ಇದು, ಇರಿವಿ ಸಾಲು ಹೊಂಟಂಗ ಐತಿ. ಮಂತ್ರಾ ಏನು?"

"ಪಾಠ ಐತಿ ಯವ್ವಾ."

"ಪಾಠ ಇದ್ರ ಮುಚ್ಚಿಕೊಂಡು ಯಾಕ ಓದತಿ?"

"ನಾ ಬಿಎ ಮುಗಿಸೇನಿ ಯವ್ವಾ," ಎಂದು ಹೊದಿಕೆ ಸರಿಮಾಡಿಕೊಂಡೆ.

ಸ್ಟಾಫ್ ರೂಮಿನಲ್ಲಿ ಗಣಿತದ ಮಾಸ್ತರರು, "ಏನ್ ಸರ್, ದುಬೈಕ್ಕ ಹೊಂಟೀರೇನು? ನಮ್ಮನ್ನೂ ಕರಕೊಂಡು ಹೋಗ್ರಿ" ಎನ್ನುತ್ತಿದ್ದರು. ಅದು ಚೇಷ್ಟೆ, ಸಹಿಸಬಹುದು. ನಾನು ಒಳಗೆ ಕಾಲಿಟ್ಟ ಕೂಡಲೇ ಮಾತು ನಿಂತು ಕೆಮ್ಮು ಶುರುವಾಗುತ್ತಿತ್ತಲ್ಲ, ಅದು ಬೇರೆ. ಊರಿನಲ್ಲಿ ಅಣ್ಣನದು ಇನ್ನೊಂದು ನಮೂನೆ. ಅವನು ಹತ್ತಿ ಹಿಂಜುವ ಅಪ್ಪನ ಬಿಲ್ಲು ಬಿಟ್ಟು ಮಷೀನು ತಂದಿದ್ದ. ನನ್ನ ಪುಸ್ತಕ ಕಂಡರೆ ಮಷೀನು ಬಂದ್ ಮಾಡಿ ಬರುತ್ತಿದ್ದ.

"ಯಾವ ಪಾರ್ಟಿ ಸೇರೀದಿ? ನಾಳೆ ದರ್ಗಾಕ್ಕ ಹೋಗಬ್ಯಾಡ, ಸತ್ತವರಿಗೆ ಫಾತಿಹಾ ಓದಬ್ಯಾಡ ಅಂತ ನಮಗ ಹೇಳಾಕ ಬರತಿ, ಹೌದಲ್ಲೋ?"

"ನಾ ಯಾವ ಪಾರ್ಟಿನೂ ಸೇರಿಲ್ಲೋ ಯಣ್ಣಾ."

"ಸೇರಿದವರೆಲ್ಲಾ ಹಿಂಗ ಅಂತಾರ."

ಉಸ್ತಾದರನ್ನೂ ನಾನು ಪೂರ್ತಿ ನಂಬಿರಲಿಲ್ಲ. ಕುರಾನಿನ ಕನ್ನಡ ಅನುವಾದ ಮುಟ್ಟಬಾರದು ಎಂದು ಅವರ ಕಟ್ಟಪ್ಪಣೆ. "ಅದನ್ನ ತಗದ್ರ ನೀವು ಕನ್ನಡಾನ ಓದತೀರಿ. ಕಣ್ಣು ಅಲ್ಲಿಗೇ ಓಡತಾವ" ಎನ್ನುತ್ತಿದ್ದರು. ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ನಾನು ತಿಳಿದೆ. ಆದರೂ ಹೋಗುತ್ತಿದ್ದೆ, ಯಾಕೆಂದರೆ ಅವರು ಹೇಳಿಕೊಡುತ್ತಿದ್ದ ಮಾತುಗಳಲ್ಲಿ ಎಷ್ಟೋ ನನಗೆ ಮೊದಲೇ ಪರಿಚಯ. ಹಕ್ಕು, ಮಾಲೀಕ, ಹಿಸಾಬು, ವಕೀಲ. ಬೈಲಹೊಂಗಲದ ಕಚೇರಿಯಲ್ಲಿ ಅಪ್ಪನಂಥವರನ್ನು ಹೊರಗೆ ನಿಲ್ಲಿಸಿ ಒಳಗೆ ಕುರ್ಚಿ ಮೇಲೆ ಕೂತಿದ್ದ ಮಾತುಗಳು. ಆ ಕುರ್ಚಿ ಎಂಬ ಮಾತೂ ಅರಬ್ಬಿಯಿಂದಲೇ ಬಂದದ್ದಂತೆ.

ಒಂದು ಭಾನುವಾರ ಅವರು ತಮ್ಮ ತಲೆದಿಂಬಿನ ಹರಿದ ಮೂಲೆಯಿಂದ ಒಂದಿಷ್ಟು ಅರಳೆ ಎಳೆದರು. ಬೆರಳುಗಳಿಂದ ಅದನ್ನು ಎಳೆ ಎಳೆ ಬಿಡಿಸುತ್ತ ಒಂದು ಕ್ರಿಯಾಪದ ಹೇಳಿದರು. "ನಫಶ. ಹಿಂಜಿದ. ಅನ್ರಿ."

"ನಫಶ."

"ಇನ್ನೊಮ್ಮೆ. ಕೈಯಿಂದ ಮಾಡಿಕೋತ ಅನ್ರಿ."

ಎದುರಿಗೆ ಅವರ ಮಗ ಟೈರಿನ ಮೇಲೆ ಕೂತು ನೋಡುತ್ತಿದ್ದ. ಪಿಂಜಾರನ ಮಗನಿಗೆ ಹಿಂಜುವುದನ್ನು ಕಲಿಸುತ್ತಿದ್ದಾರೆ! ಮೊದಲ ದಿನದ ಆ ನಗು ನೆನಪಾಯಿತು. ಅರಳೆಯನ್ನು ಚಾಪೆಯ ಮೇಲಿಟ್ಟು, ಬಸ್ಸಿಗೆ ಹೊತ್ತಾಯಿತೆಂದು ಎದ್ದೆ. ಮುಂದಿನ ಭಾನುವಾರ ಹೋಗಲಿಲ್ಲ. ಅದರ ಮುಂದಿನದಕ್ಕೂ ಇಲ್ಲ.

ಆ ಚಳಿಗಾಲದಲ್ಲಿ ಅಪ್ಪ ತೀರಿಕೊಂಡ. ಎದೆಯಲ್ಲಿ ಅರಳೆಯ ಧೂಳು ಕೂತಿತ್ತು ಎಂದು ಡಾಕ್ಟರು ಹೇಳಿದರು. ಅಪ್ಪನಿಗೆ ಅರಬ್ಬಿಯಾಗಲಿ ಕನ್ನಡವಾಗಲಿ ಒಂದಕ್ಷರ ಓದಲು ಬರುತ್ತಿರಲಿಲ್ಲ.

ನಮ್ಮಲ್ಲಿ ನಲವತ್ತನೆಯ ದಿನ ಕುರಾನಿನ ಮೂವತ್ತು ಭಾಗಗಳನ್ನು ಬಿಡಿಬಿಡಿ ಪುಸ್ತಕಗಳಾಗಿ ಹಾಸಿನ ಮೇಲಿಡುತ್ತಾರೆ. ಬಂದವರು ಒಂದೊಂದು ಎತ್ತಿಕೊಂಡು ಸಣ್ಣ ದನಿಯಲ್ಲಿ ಓದುತ್ತಾರೆ. ಎಲ್ಲವೂ ಮುಗಿದರೆ ಇಡೀ ಕುರಾನ್ ಓದಿದಂತೆ, ಅದೇ ಖತಮ್. ಅದರ ಪುಣ್ಯ ಸತ್ತವರಿಗೆ. ಒಬ್ಬನದು ಉಳಿದರೂ ಕೊನೆಯ ಪ್ರಾರ್ಥನೆ, ಅಂದರೆ ದುಆ ಇಲ್ಲ, ದುಆ ಆಗದೆ ಊಟ ಇಲ್ಲ. ಅವ್ವನ ಆಸೆ ಒಂದೇ: ಓದಲು ಬಾರದೆ ಹೋದ ಗಂಡನಿಗಾಗಿ ಓದಿದ ಮಗ ಓದಬೇಕು, ಅದು ಎಲ್ಲಿಯೂ ತುಂಡಾಗಬಾರದು.

"ಇವಾ ಬ್ಯಾಡ," ಎಂದ ಅಣ್ಣ. "ನಡುವ ಎದ್ದು ನಿಂತು ಇದೆಲ್ಲಾ ಖೊಟ್ಟಿ ಅಂದ್ರ? ಅಪ್ಪನ ಖತಮ್ ಕೆಡತೈತಿ."

"ಅವನ್ನ ಯಾಕ ಓದಿಸಿದ್ವಿ ಮತ್ತ?" ಎಂದಳು ಅವ್ವ.

ಅಣ್ಣ ಹುಡುಕಿ ಕೊನೆಯ ಭಾಗವನ್ನೇ ನನ್ನ ಕೈಗೆ ಕೊಟ್ಟ. ಅದರಲ್ಲಿ ಸಣ್ಣ ಸಣ್ಣ ಅಧ್ಯಾಯಗಳು. "ಇದು ಬಾಲವಾಡಿ ಹುಡುಗೂರಿಗೂ ಬಾಯಿಪಾಠ. ಲಗೂನ ಮುಗಸು."

ನನಗೂ ಬಾಯಿಪಾಠವೇ. ಆದರೆ ಈಗ ಅಲ್ಲೊಂದು ಇಲ್ಲೊಂದು ಮಾತು ತಿಳಿಯುತ್ತಿತ್ತು; ತಿಳಿದಲ್ಲೆಲ್ಲ ನಾಲಿಗೆ ನಿಧಾನವಾಗುತ್ತಿತ್ತು. ಸುತ್ತಲಿನವರು ಒಬ್ಬೊಬ್ಬರಾಗಿ ಪುಸ್ತಕ ಮುಚ್ಚಿ ಮುತ್ತಿಟ್ಟು ಕೆಳಗಿಟ್ಟರು. ಕೊನೆಗೆ ನನ್ನದೊಂದೇ ಉಳಿಯಿತು. ಎಲ್ಲರ ಕಣ್ಣು ನನ್ನ ತುಟಿಯ ಮೇಲೆ. ಹಿತ್ತಲಿನಿಂದ ಪಲಾವಿನ ವಾಸನೆ.

ಆಗ ಆ ಮಾತು ಬಂತು. ಕೊನೆಯ ದಿನ ಬೆಟ್ಟಗಳ ಗತಿ ಏನಾಗುತ್ತದೆ ಎನ್ನುವಲ್ಲಿ, ಚಿಕ್ಕಂದಿನಿಂದ ಗಿಳಿಯ ಹಾಗೆ ಹೇಳಿಕೊಂಡು ಬಂದ ಜಾಗ. ಅಲ್ಲಿ ಕೂತಿತ್ತು, ಉಸ್ತಾದರು ಬೆರಳಿನಿಂದ ಎಳೆದು ತೋರಿಸಿದ ನಫಶದಿಂದಲೇ ಆದ ಮಾತು, ಮನ್ಫೂಶ್. ಬೆಟ್ಟಗಳು ಹಿಂಜಿಹಾಕಿದ ಹಾಗೆ ಆಗುತ್ತವೆ. ನನ್ನ ದನಿ ನಿಂತುಹೋಯಿತು.

"ನೋಡ್ರೆಪಾ, ನಾ ಹೇಳಿದ್ದಿಲ್ಲಾ?" ಅಣ್ಣ ಎದ್ದೇಬಿಟ್ಟ. "ನಿಂದ್ರಿಸಿದ! ಅಪ್ಪಂದ ನಿಂದ್ರಿಸಿದ!"

"ನಿಂದ್ರಿಸಿಲ್ಲೋ. ಅಪ್ಪನ ಕೆಲಸ ಇದರಾಗ ಐತಿ. ಹಿಂಜೂದು."

ನಾನು ಹೊಸದೇನನ್ನೋ ಸೇರಿಸುತ್ತಿದ್ದೇನೆ ಎಂಬ ಗುಮಾನಿ ಎಲ್ಲರ ಮುಖದ ಮೇಲೆ. ಅಣ್ಣ ನಮ್ಮ ಮಸೂತಿಯಲ್ಲಿ ನಮಾಜು ಮಾಡಿಸುವ ಹಜರತ್ತರ ಕಡೆ ತಿರುಗಿದ. ಅವರು ಗಡ್ಡ ನೀವಿಕೊಂಡರು.

"ಐತಿ. ಆದ್ರ ಅದು ಕುರಿ ಉಣ್ಣಿ ಹಿಂಜೂದು, ಹತ್ತಿ ಅಲ್ಲ."

"ಮತ್ತ! ಉಣ್ಣಿ ನಮ್ಮದಲ್ಲ, ಕಂಬಳಿ ಮಾಡೋರದು," ಎಂದ ಅಣ್ಣ, ಕೋರ್ಟಿನಲ್ಲಿ ಕೇಸು ಗೆದ್ದವನಂತೆ.

ಒಳಕೋಣೆಯ ಬಾಗಿಲಿನಿಂದ ಅವ್ವನ ದನಿ ಬಂತು. "ಹಿಂಜೂದು ಯಾವದರ ಇರಲಿ, ಹಿಂಜೂದ ಅಲ್ಲೇನು? ಖರೇ ಹೇಳು, ಅದನ್ನ ಒಳ್ಳೇದಕ್ಕ ಹೇಳ್ಯಾರೋ ಕೆಟ್ಟದ್ದಕ್ಕೋ?"

ಆ ಪ್ರಶ್ನೆ ನಾನು ನಿರೀಕ್ಷಿಸಿದ್ದಲ್ಲ. ಅಷ್ಟು ಮಂದಿಯಲ್ಲಿ ಸರಿಯಾಗಿ ಅನುಮಾನಪಟ್ಟವಳು ಅವಳೊಬ್ಬಳೇ. ಒಳ್ಳೆಯದಕ್ಕೆ ಎಂದುಬಿಟ್ಟರೆ ಅವಳಿಗೆ ಸಮಾಧಾನ. ಆದರೆ ಕಾಗದದಲ್ಲಿ ಇಲ್ಲದ್ದನ್ನು ಓದಿ ಹೇಳಿದವನಲ್ಲ ನಾನು.

"ಅಂಜಿಕಿ ದಿನದ ಮಾತು ಯವ್ವಾ. ಎಂಥಾ ಗುಡ್ಡ ಇದ್ರೂ ಉಳಿಯಂಗಿಲ್ಲ, ಹಗರ ಆಗಿ ಹಾರಿ ಹೋಗತಾವ ಅಂತ."

ಅವ್ವ ಹೊಸ್ತಿಲ ತನಕ ಬಂದಳು.

"ಹಗರ ಆಗೋದು ಅಂದ್ರ ನಿಮ್ಮಪ್ಪಗ ಗೊತ್ತಿತ್ತು ಬಿಡು. ಕಲ್ಲಿನಂಥಾ ಗಾದಿ ತಂದು ಒಗೀತಿದ್ರು ಮಂದಿ, ಸಂಜಿಕ ಊದಿದ್ರ ಹಾರತಿತ್ತು. ಅವಾ ಅಂಜಾಂವ ಅಲ್ಲ. ಓದು, ಅನ್ನ ಆರತೈತಿ."

ಓದಿದೆ. ಕೊನೆಯ ಮಾತಿನ ತನಕ ಓದಿದೆ. ಹಜರತ್ತರು ಕೈ ಎತ್ತಿದರು, ದುಆ ಆಯಿತು, ಮಂದಿ ಉಂಡು ಹೋದರು.

ಪುಸ್ತಕಗಳನ್ನು ಎತ್ತಿ ಪೆಟ್ಟಿಗೆಗೆ ಇಡುವಾಗ ಅಣ್ಣ ಹತ್ತಿರ ಬಂದು ಕೂತ. ಸೋತವನಂತೇನೂ ಇರಲಿಲ್ಲ, ಕಣ್ಣಲ್ಲಿ ಇನ್ನೂ ಅದೇ ಸಂಶಯ.

"ಎಲ್ಲೈತಿ, ತೋರಸು."

ಪುಟ ತೆಗೆದು ಬೆರಳಿಟ್ಟೆ. ಅವನು ಬಗ್ಗಿ ಬಹಳ ಹೊತ್ತು ನೋಡಿದ.

"ಇಷ್ಟ ಸಣ್ಣದು?"

"ಅಷ್ಟ."

"ಬಿಲ್ಲಿನಿಂದ ಹಿಂಜಿದ್ರ ಇದು. ಮಷೀನಿಲೆ ಹಿಂಜಿದ್ರೂ ಇದ ಮಾತು ಹತ್ತತೈತೇನು?"

"ಗೊತ್ತಿಲ್ಲ."

"ಬಿಎ ಆಗಿ ಗೊತ್ತಿಲ್ಲ ಅಂತಿ. ಕೇಳಿಕೊಂಡು ಬಾ ಹೋಗು."

ಭಾನುವಾರ ಬೆಳಿಗ್ಗೆ ಕಿತ್ತೂರಿನ ಬಸ್ಸು ಹತ್ತಿದೆ. ಪುಸ್ತಕಕ್ಕೆ ಪೇಪರಿನ ಹೊದಿಕೆ ಇನ್ನೂ ಇತ್ತು. ಅದನ್ನು ತೆಗೆಯುವಷ್ಟು ನಂಬಿಕೆ ನನಗೆ ಬಸ್ಸಿನ ಮಂದಿಯ ಮೇಲೆ ಬಂದಿರಲಿಲ್ಲ.