ರಾಗದ ಚೀಟಿ ಇಲ್ಲದ ಹಾಡು

೧೯೮೪ರ ಜುಲೈ ತಿಂಗಳ ಒಂದು ಭಾನುವಾರ, ಸಂಜೆ ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ, ನಾನು ನಾಗಪುರದ ಸಿವಿಲ್ ಲೈನ್ಸ್‌ನ ಹಳೆಯ ಚರ್ಚಿನೊಳಗೆ, ಎಡಗೋಡೆಗೆ ತೂಗುಹಾಕಿದ್ದ ಅಂದು ಹಾಡಬೇಕಾದ ಹಾಡುಗಳ ನಂಬರು ತೋರಿಸುವ ಹಲಗೆಯ ಮುಂದೆ ನಿಂತಿದ್ದೆ. ಕೈಯಲ್ಲಿ ತಗಡಿನ ಅಂಕಿಗಳ ಡಬ್ಬಿ ಇತ್ತು. ಹೊರಗೆ ಮಳೆ ಆಗಷ್ಟೇ ನಿಂತಿತ್ತು. ಬಣ್ಣದ ಗಾಜಿನಿಂದ ಇಳಿದ ಹಸಿರು ಬೆಳಕು ಬೆಂಚುಗಳ ಮೇಲೆ ಅಲುಗುತ್ತಿತ್ತು. ಒಳಗೆ ಬಂದವರೆಲ್ಲ ಕೆರೆಯ ತಳದಲ್ಲಿ ನಡೆಯುತ್ತಿರುವಂತೆ ಕಂಡರು. ಆಮೇಲೆ ನಡೆದದ್ದನ್ನು ಹೇಳುವಾಗ ನನ್ನ ಧ್ವನಿ ಈಗಲೂ ನಡುಗುತ್ತದೆ. ಅದಕ್ಕೇ ನಡುಗದೆ ಹೇಳಬಲ್ಲ ಸಂಗತಿಗಳನ್ನು ಮೊದಲು ಹೇಳಿಬಿಡುತ್ತೇನೆ.

ತಿಂಗಳಿಗೆ ಎರಡು ಭಾನುವಾರ ಆ ಚರ್ಚು ಕನ್ನಡದವರಿಗೆ ಸಿಗುತ್ತಿತ್ತು. ಏರ್‌ಫೋರ್ಸಿನವರು, ಕಾಮ್ಠಿಯ ಮಿಲಿಟರಿಯವರು, ನನ್ನಂಥ ಒಬ್ಬಿಬ್ಬರು ಸರ್ಕಾರಿ ಗುಮಾಸ್ತರು, ಎಲ್ಲ ಸೇರಿ ಮೂವತ್ತು ಜನ. ಆರ್ಗನ್ನಿನ ಕೀಲಿ ಬೆಳಗಿನ ಇಂಗ್ಲಿಷ್ ಸಭೆಯವರ ಬಳಿ ಇರುತ್ತಿತ್ತು. ಆದ್ದರಿಂದ ಯಾರಾದರೂ ಬಾಯಲ್ಲೇ ರಾಗ ಎತ್ತಿಕೊಡಬೇಕು. ಧಾರವಾಡದ ಕಡೆಯವರಿಗೂ ಮೈಸೂರಿನ ಕಡೆಯವರಿಗೂ ಹಾಡಿನ ಮಾತು ಒಂದೇ, ಎಷ್ಟೋ ಹಾಡುಗಳ ರಾಗ ಮಾತ್ರ ಬೇರೆ. ಹಾಗಾಗಿ ಪ್ರತಿ ನಂಬರಿನ ಕೆಳಗೆ ‘ಧಾ’ ಅಥವಾ ‘ಮೈ’ ಎಂದು ಬರೆದ ಚೀಟಿ ಸಿಕ್ಕಿಸುತ್ತಿದ್ದೆವು.

ಓದಬೇಕಾದ ವಾಕ್ಯಭಾಗ ವರ್ಷದ ಪಟ್ಟಿಯಿಂದ ಬರುತ್ತಿತ್ತು. ಅದಕ್ಕೆ ಹೊಂದುವ ಮೂರು ಹಾಡು ಹುಡುಕುವುದು ನನ್ನ ಕೆಲಸ. ಆ ವಾರದ್ದು, ಯೇಸು ಕಿವುಡನೂ ತೊದಲನೂ ಆಗಿದ್ದ ಒಬ್ಬನನ್ನು ಗುಂಪಿನಿಂದ ಆಚೆ ಕರೆದೊಯ್ದು, ಕಿವಿಗೆ ಬೆರಳಿಟ್ಟು, ನಾಲಿಗೆ ಮುಟ್ಟಿ ವಾಸಿಮಾಡಿದ ಭಾಗ. ಪಟ್ಟಿ ನೋಡಿದೊಡನೆ ನನಗೆ ಕಾಕು ನೆನಪಾದರು. ನಮಗೆ ಸದಾ ರಾಗ ಎತ್ತಿಕೊಡುತ್ತಿದ್ದವರು ಹುಬ್ಬಳ್ಳಿಯ ಈ ಕಾಕು, ಏರ್‌ಫೋರ್ಸಿನಿಂದ ನಿವೃತ್ತರಾಗಿದ್ದ, ನಾವೆಲ್ಲ ಚಿಕ್ಕಪ್ಪನೆಂಬಂತೆ ‘ಕಾಕಾ’ ಎನ್ನುತ್ತಿದ್ದವರ ಹೆಂಡತಿ. ಹೋಳಿಯ ವಾರ ಅವರಿಗೆ ಲಕ್ವಾ ಹೊಡೆದಿತ್ತು. ರಾಮದಾಸಪೇಠದ ಆಸ್ಪತ್ರೆಯಲ್ಲಿ ಒಂದು ತಿಂಗಳಿದ್ದರು. ಕಾಲಿಗೆ ಶಕ್ತಿ ಬಂತು, ಮಾತು ಬರಲಿಲ್ಲ. ನಾಲ್ಕು ತಿಂಗಳಿಂದ ಅವರ ಬಾಯಿಂದ ಒಂದು ಪದ ಹೊರಟಿರಲಿಲ್ಲ. ಅಂದು ಮೊದಲ ಸಲ ಚರ್ಚಿಗೆ ಬರುವವರಿದ್ದರು. ನಾನು ನಾಲಿಗೆಯ ಮಾತಿರುವ ಹಾಡುಗಳನ್ನೆಲ್ಲ ಬಿಟ್ಟು, ಕೇಳುವ ಕಿವಿಯ ಹಾಡುಗಳನ್ನೇ ಆರಿಸಿದ್ದೆ.

ಕಾಕಾ ಒಳಗೆ ಬಂದು ಕಾಕುವನ್ನು ಮುಂದಿನ ಬೆಂಚಿನಲ್ಲಿ ಕೂರಿಸಿ, ಹಲಗೆ ನೋಡಿದರು. ಪುಸ್ತಕ ತೆರೆದು ಮೂರೂ ನಂಬರು ತಿರುವಿದರು. ನನ್ನ ಹತ್ತಿರ ಬಂದರು.

“ಎಲ್ಲಾ ಕಿವಿ ಹಾಡs ಇಟ್ಟೀಯಲ್ಲೋ ತಮ್ಮಾ. ನಾಲಿಗಿ ಹಾಡು ಎಲ್ಲಿ ಐತಿ?”

“ಕಾಕಾ, ಕಾಕು ಮುಂದ ಹೆಂಗ…”

“ಅರ್ಧಾ ವಾಕ್ಯಕ್ಕ ಹಾಡು ಹುಡುಕಾಂವ ನೀ ಒಬ್ಬನs ನೋಡು. ಆಕಿ ಮಾತು ಹೋಗೇತಿ, ತಿಳುವಳಿಕಿ ಹೋಗಿಲ್ಲ. ಎಲ್ಲಾರೂ ಆಕಿ ಮುಂದ ಪಿಸುಪಿಸು ಅಂತೀರಿ, ಅದs ಆಕಿಗೆ ಸಂಕಟ. ಜಲ್ದಿ ಬದಲಿ ಮಾಡು.”

ಗಂಟೆ ಹೊಡೆಯಿತು. ಕೊನೆಯ ನಂಬರು ತೆಗೆದು ನಾಲಿಗೆಯ ಹಾಡಿನ ನಂಬರು ಹಾಕಿದೆ. ಅವಸರದಲ್ಲಿ ಒಂದು ಅಂಕಿ ನೆಲಕ್ಕೆ ಬಿದ್ದು ಠಣ್ ಎಂದಿತು. ಹಳೆಯ ಹಾಡಿನ ಚೀಟಿ ಕಿತ್ತೆ, ಹೊಸತು ಸಿಕ್ಕಿಸಲು ಮರೆತೆ.

ಮೊದಲೆರಡು ಹಾಡು ಸರಿಯಾಗಿ ನಡೆದವು. ಕಾಕು ಪುಸ್ತಕ ತೆರೆಯಲಿಲ್ಲ, ಮಡಿಲಲ್ಲಿ ಕೈಯಿಟ್ಟು ಕುಳಿತಿದ್ದರು. ಕೊನೆಯ ಹಾಡಿಗೆ ಕಾಮ್ಠಿಯ ಸುಬೇದಾರರ ಹೆಂಡತಿ, ಮೈಸೂರಿನವರು, ತಮ್ಮ ರಾಗ ಎತ್ತಿದರು. ಅದೇ ಉಸಿರಿಗೆ ಹಿಂದಿನ ಬೆಂಚುಗಳಿಂದ ಧಾರವಾಡದ ರಾಗ ಎದ್ದಿತು. ಕನ್ನಡ ಓದಲು ಬಾರದೆ ಪದಗಳನ್ನು ದೇವನಾಗರಿಯಲ್ಲಿ ಬರೆದುಕೊಂಡು ಹಾಡುತ್ತಿದ್ದ ನಮ್ಮ ಮಕ್ಕಳು ಆ ಕಡೆ ಈ ಕಡೆ ನೋಡಿದರು. ಮೂರನೆಯ ಸಾಲಿಗೆ ಎಲ್ಲ ಕಲಸಿಹೋಗಿ, ಒಬ್ಬೊಬ್ಬರೇ ನಿಲ್ಲಿಸಿದರು. ಸೂರಿನಿಂದ ನೀರು ತೊಟ್ಟಿಕ್ಕುವುದು ಕೇಳಿಸಿತು.

ನಾನು ಕಾಕುವಿನಿಂದ ಐದು ಹೆಜ್ಜೆ ದೂರದಲ್ಲಿದ್ದೆ. ಅವರು ಹುಬ್ಬು ಗಂಟಿಕ್ಕಿದರು. ಯಾರಾದರೂ ತಪ್ಪು ರಾಗ ಎತ್ತಿದಾಗ ಮೊದಲಿನಿಂದಲೂ ಹಾಗೆಯೇ ಮಾಡುತ್ತಿದ್ದರು. ಬಲಗೈ ಎರಡು ಸಲ ತೊಡೆಯನ್ನು ತಟ್ಟಿತು. ಆಮೇಲೆ ಅವರು ಹಾಡಿದರು. ಬರೀ ರಾಗವಲ್ಲ, ಪದಗಳು. ದಪ್ಪವಾಗಿ, ಒಂದು ಕಡೆ ಸೊಟ್ಟಗಾದ ಬಾಯಿಂದ, ಆದರೆ ಒಂದೂ ತಪ್ಪದೆ, ಧಾರವಾಡದ ರಾಗದಲ್ಲಿ ಇಡೀ ಮೊದಲ ಚರಣ. ಯಾರೂ ಜೊತೆ ಸೇರಲಿಲ್ಲ. ನನಗೆ ಅದು ಬೆಂಚಿನಿಂದಲ್ಲ, ಆ ಹಸಿರು ಬೆಳಕಿನೊಳಗಿಂದಲೇ ಬರುತ್ತಿದೆ ಅನ್ನಿಸಿತು.

ಚರಣ ಮುಗಿಯಿತು. ಕಾಕಾ ಹೋಗಿ ಕಾಕುವಿನ ಮುಂದೆ ಮೊಣಕಾಲೂರಿ, “ಏನರೆ ಹೇಳು. ನನ್ನ ಹೆಸರು ಹಿಡದು ಬೈಯಿ ಬೇಕಾದ್ರ,” ಎಂದರು. ಕಾಕುವಿನ ತುಟಿ ಅಲುಗಿತು. ಏನೂ ಬರಲಿಲ್ಲ.

ಸುಬೇದಾರರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, “ಇನ್ಮೇಲೆ ರಾಗ ನಿಮ್ದೇ ಇರ್ಲಿ ಬಿಡಿ ಅಮ್ಮಾ, ನಮ್ದು ಬೇಡ,” ಎಂದರು. ಕಾಕಾ ತಟ್ಟನೆ ತಲೆಯೆತ್ತಿದರು. “ಹಂಗ ಅನಬ್ಯಾಡ್ರಿ ಅಕ್ಕಾರ. ನಿಮ್ಮ ರಾಗ ನನಗ ಕಲಿಸ್ರಿ.”

ಮಾತು ತಿರುಗಿ ಬರಲೇ ಇಲ್ಲ. ಕೆಲವರಿಗೆ ಮಾತು ಹೋದರೂ ಹಾಡು ಉಳಿಯುತ್ತದೆ ಎಂದು ಡಾಕ್ಟರು ಹೇಳಿದರಂತೆ. ಕಾಕಾ ಅದರ ಬಗ್ಗೆ ವಾದಿಸಲು ಹೋಗಲಿಲ್ಲ. ದಿನಾ ಸಂಜೆ ಚಹಾ ಆದ ಮೇಲೆ ಬೇಕೆಂತಲೇ ಮೈಸೂರಿನ ರಾಗ ಎತ್ತುತ್ತಿದ್ದರು. ಕಾಕು ಹುಬ್ಬು ಗಂಟಿಕ್ಕಿ, ತೊಡೆ ತಟ್ಟಿ, ಹಾಡಿ ತಿದ್ದುತ್ತಿದ್ದರು. ಏಳು ವರ್ಷ ಅವರ ಮನೆಯಲ್ಲಿ ಅದೇ ಸಂಸಾರದ ಮಾತುಕತೆ.

ಅವರಿಬ್ಬರೂ ಈಗಿಲ್ಲ. ಅಂದು ಅದನ್ನು ಕಂಡವರಲ್ಲಿ ಈಗ ಎಲ್ಲಿದ್ದಾರೆಂದು ನನಗೆ ಗೊತ್ತಿರುವವರು ಮೂವರು: ಮೈಸೂರಿನಲ್ಲಿ ಮಗಳ ಮನೆಯಲ್ಲಿರುವ ಸುಬೇದಾರರ ಹೆಂಡತಿ, ದೇವನಾಗರಿಯ ನೋಟ್‌ಬುಕ್ ಹಿಡಿದು ಎರಡನೆಯ ಬೆಂಚಿನಲ್ಲಿ ನಿಂತಿದ್ದ, ಈಗ ನಾಗಪುರದಲ್ಲೇ ಟೀಚರಾಗಿರುವ ಹುಡುಗಿ, ಮತ್ತು ಚೀಟಿ ಮರೆತ ನಾನು.