ಬಿರುಕಿಗಿಳಿದ ಶಾಯಿ

ನಿವೃತ್ತಿಗೆ ಒಂಬತ್ತು ದಿನ ಉಳಿದಿದ್ದ ಆ ಬೆಳಿಗ್ಗೆಯೂ ಡಾಕ್ಟರಮ್ಮನವರು ಗಡ್ಡೆಯ ತೆಳುಚೂರುಗಳನ್ನು ಅಂಟಿಸಿದ ಹಳೆಯ ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ಒರೆಸಿ ಮರದ ಪೆಟ್ಟಿಗೆಗೆ ಸೇರಿಸುತ್ತಿದ್ದರು. ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯ ಗಡ್ಡೆಯನ್ನು ಕೊಯ್ದು ತೆಗೆದ ಮೇಲೆ ಅದು ಮತ್ತೆ ಮರಳೀತೇ ಎಂಬ ಪ್ರಶ್ನೆಗೆ ಸೂಕ್ಷ್ಮದರ್ಶಕದ ಮುಂದೆ ಮೂವತ್ತೊಂದು ವರ್ಷ ಕೂತು ಉತ್ತರ ಹುಡುಕಿದ ಇವರಷ್ಟು ತಾಳ್ಮೆಯವರು ಈ ವಿದ್ಯೆಯಲ್ಲಿ ವಿರಳ.

ಕೆಲಸಕ್ಕೆ ಸೇರಿದ ಹೊಸತರಲ್ಲೇ ಅವರೊಂದು ಪದ್ಧತಿ ತಂದರು. ಪ್ರತಿ ರೋಗಿಯ ಬಗ್ಗೆ ತಮ್ಮ ಊಹೆಯನ್ನು ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕಿ ಅಂಟಿಸುವುದು, ಹತ್ತು ವರ್ಷ ತುಂಬಿದ ಮೇಲೆ ಒಡೆಯುವುದು. “ಇದು ಆಮೆ ನಡಿಗೆಯ ಗಡ್ಡೆ, ಅವಸರದವರಿಗೆ ಸುಳ್ಳು ಹೇಳತ್ತೆ” ಎನ್ನುವರು.

ಕತ್ತಿ ಹಾಯ್ದ ಜಾಗ ಸೂಕ್ಷ್ಮದರ್ಶಕದಲ್ಲಿ ಗುರುತು ಸಿಗಲೆಂದು, ಕೊಯ್ದು ತಂದ ಗಡ್ಡೆಯ ಅಂಚಿಗೆ ಕಪ್ಪು ಶಾಯಿ ಬಳಿಯುವ ಸಹಾಯಕಿಯನ್ನು ಎಲ್ಲರೂ ಶಾಯಿಯಕ್ಕ ಎಂದೇ ಕರೆಯುತ್ತಿದ್ದರು. ಅಕ್ಷರ ಬಾರದಿದ್ದ ಆಕೆಯನ್ನು ರಾತ್ರಿಶಾಲೆಗೆ ಸೇರಿಸಿ, ಪಾಠಕ್ಕೆ ತಡವಾಗಬಾರದೆಂದು ಸಂಜೆಯ ಬಾಟಲಿಗಳನ್ನು ತಾವೇ ತೊಳೆದವರು ಡಾಕ್ಟರಮ್ಮ.

ಮೂರು ವರ್ಷದ ಹಿಂದೆ ಒಬ್ಬ ದರ್ಜಿಯ ಲಕೋಟೆ ಒಡೆದರು. ಚೀಟಿಯಲ್ಲಿ ‘ಮರಳುತ್ತದೆ’ ಎಂದಿತ್ತು, ಗಡ್ಡೆ ಮರಳಿರಲಿಲ್ಲ. ಹಳೆಯ ಗಾಜನ್ನು ಮತ್ತೆ ನೋಡಿದಾಗ ಗುಟ್ಟು ಬಯಲಾಯಿತು. ಸಾಗಿಸುವಾಗ ಗಡ್ಡೆಯಲ್ಲೊಂದು ಬಿರುಕು ಬಿಟ್ಟಿತ್ತು, ಶಾಯಿ ಅದರೊಳಗೆ ಇಳಿದಿತ್ತು. ಬಿರುಕಿನ ಆ ಶಾಯಿಯನ್ನೇ ಕೊಯ್ದ ಅಂಚೆಂದು ತಿಳಿದು, ರೋಗ ಅಂಚಿನವರೆಗೂ ಹಬ್ಬಿ ಒಳಗೆ ಉಳಿದಿದೆಯೆಂದು ಅವರು ಓದಿದ್ದರು. ಆ ಒಂದು ಮಾತಿಗೆ ದರ್ಜಿ ಬೇಡದ ಕಿರಣ ಚಿಕಿತ್ಸೆಯನ್ನೂ ಉಂಡಿದ್ದ, ಹತ್ತು ವರ್ಷದ ಭಯವನ್ನೂ ಉಂಡಿದ್ದ.

“ಬಳಿದವಳು ನಾನು. ತಪ್ಪು ನಂದೇ ಅಲ್ವಾ?” ಎಂದಳು ಶಾಯಿಯಕ್ಕ.

“ಬಳಿದಿದ್ದು ನೀನು, ಓದಿದ್ದು ನಾನು. ಶಾಯಿಗೇನು ಗೊತ್ತು, ದಾರಿ ಸಿಕ್ಕ ಕಡೆ ಇಳಿಯತ್ತೆ.”

ಅಂದೇ ಡಾಕ್ಟರಮ್ಮ ದರ್ಜಿಗೆ ಪತ್ರ ಬರೆದರು. ಆದರೆ ಗಡ್ಡೆ ಮರಳಿ ಬರಲ್ಲ ಎಂದು ಬರೆದ ಮೇಲೆ ಬಂದುಬಿಟ್ಟರೆ? ಇನ್ನೊಂದು ವರ್ಷ ನೋಡೋಣ, ಮತ್ತೊಂದು ವರ್ಷ ನೋಡೋಣ ಎನ್ನುತ್ತ ಪತ್ರ ಮೇಜಿನ ಖಾನೆಯಲ್ಲೇ ಉಳಿಯಿತು. ಊರಿಗೆಲ್ಲ ತಾಳ್ಮೆ ಹೇಳಿದವರಿಗೆ ಆ ತಾಳ್ಮೆಯೇ ಅಡಗಿಕೊಳ್ಳುವ ಮರೆಯಾಗಿ ಒದಗಿತು.

ಕಳೆದ ವಾರ ದರ್ಜಿ ಆರು ತಿಂಗಳ ತಪಾಸಣೆಗೆ ಬಂದಿದ್ದ. “ಮಗಳ ಮದುವೆ ಗೊತ್ತಾಯ್ತು ಡಾಕ್ಟ್ರಮ್ಮ. ಇನ್ನು ಹತ್ತು ತಿಂಗಳಿದೆ. ಅಳಿಯನ ಕೋಟು ಬೇರೆಯವ್ರಿಗೆ ಕೊಟ್ಟೆ.”

“ನಿಮ್ಮ ಕತ್ತರಿಗೇನಾಯ್ತು?”

“ಮುಂದಿನ ತಪಾಸಣೆ ದಾಟಿ ಕೊಡಬೇಕಾದ ಬಟ್ಟೆಗೆ ನಾನು ಅಳತೆ ತಗೊಳ್ಳಲ್ಲ. ತೋಳಿಲ್ಲದ ಕೋಟು ಬಿಟ್ಟು ಹೋದ್ರೆ, ಮಾವ ಅಂತಲೂ ನೋಡ್ದೆ ಬೈತಾನೆ ಹುಡುಗ.” ನಗುತ್ತಲೇ ಹೇಳಿ ಹೋದ.

ಒರೆಸುತ್ತ ಒರೆಸುತ್ತ ಆ ಬೆಳಿಗ್ಗೆ ಅವನದೇ ಗಾಜು ಕೈಗೆ ಬಂತು. ಡಾಕ್ಟರಮ್ಮ ಬಟ್ಟೆ ಕೆಳಗಿಟ್ಟು, ಖಾನೆಯಿಂದ ಹಳೆಯ ಪತ್ರ ತೆಗೆದು ಕೊನೆಗೆ ಐದು ಸಾಲು ಸೇರಿಸಿದರು: “ತಪ್ಪು ನನ್ನದು. ಮೂರು ವರ್ಷ ಹೇಳದೆ ಇಟ್ಟುಕೊಂಡದ್ದು ಇನ್ನೊಂದು ತಪ್ಪು. ಮರಳುವ ಸಂಭವ ತೀರ ಕಡಿಮೆ. ಇಲ್ಲವೇ ಇಲ್ಲ ಎನ್ನಲಾರೆ, ವರ್ಷಕ್ಕೊಮ್ಮೆ ಬನ್ನಿ. ಅಳಿಯನ ಅಳತೆ ನೀವೇ ತೆಗೆದುಕೊಳ್ಳಿ.”

ಅವರ ಕಪಾಟಿನಲ್ಲಿ ಒಡೆಯದ ಲಕೋಟೆಗಳು ಇನ್ನೂ ನಲವತ್ತೆರಡಿವೆ. ಕಟ್ಟಕಡೆಯದನ್ನೂ ತಮ್ಮ ಕೈಯಾರೆ ಒಡೆದು, ಕನ್ನಡಕದ ಹಂಗಿಲ್ಲದೆ ಓದುವಷ್ಟು ಆಯಸ್ಸೂ ಕಣ್ಣಿನ ಬೆಳಕೂ ಅವರಿಗಿರಲಿ.

ಆ ಪತ್ರಕ್ಕೆ ಅಂಟು ಹಚ್ಚಿದವಳು ಶಾಯಿಯಕ್ಕ. ಬೀದಿಯ ತಿರುವಿನವರೆಗೆ ನಡೆದು ಹೋಗಿ ಅಂಚೆ ಪೆಟ್ಟಿಗೆಗೆ ಹಾಕಿ ಬಂದವರು ಡಾಕ್ಟರಮ್ಮ.