ಡಿಸ್ಕೋ ಹಾಡಿದ ಡೊಳ್ಳಿನ ಮಲ್ಲಪ್ಪ

ಬೆಳಿಗ್ಗೆ ಹಾಲು ಕಾಯಿಸುವ ಹೊತ್ತಿಗೆ ನಮ್ಮ ಬನಹಟ್ಟಿಯ ಓಣಿಯಲ್ಲಿ ಮಗ್ಗಗಳು ಶುರುವಾಗಿರುತ್ತವೆ. ಆ ಸಪ್ಪಳಕ್ಕೆ ಪಾತೇಲಿಯೊಳಗಿನ ಹಾಲಿನ ಮೈ ಸಣ್ಣಗೆ ನಡುಗುವುದನ್ನು ನೀವೊಮ್ಮೆ ನೋಡಬೇಕು. ಅಂದೂ ಅದನ್ನೇ ನೋಡುತ್ತ ನಿಂತಿದ್ದೆ. ದಿನಾ ಹಾಲು ಹಾಕುವ ಮಲ್ಲಪ್ಪ ಅಂದು ಹಾಲು ಕೊಟ್ಟ ಮೇಲೂ ಹೋಗದೆ ಕಟ್ಟೆಯ ಮೇಲೆ ಕುಳಿತು, ಜೇಬಿನಿಂದ ಒಂದು ಕ್ಯಾಸೆಟ್ ತೆಗೆದು ಚಾಚಿದ. ಮೇಲಿನ ಚಿತ್ರದಲ್ಲಿ ಅವನೇ: ಕಪ್ಪು ಕನ್ನಡಕ, ಮಿಣಮಿಣ ಅಂಗಿ.

ಮಲ್ಲಪ್ಪ ಬೀರಪ್ಪನ ಗುಡಿಯಲ್ಲಿ ಡೊಳ್ಳಿನ ಪದ ಹಾಡುವವನು. ಕಾನ್ವೆಂಟಿನಲ್ಲಿ ಬೆನ್ನು ನೆಟ್ಟಗಿರಿಸಿ ಪ್ರಾರ್ಥನೆ ಹಾಡಿ ಬೆಳೆದ ನನಗೆ, ಹಾಡು ಅಂಗಾಲಿನಿಂದಲೂ ಏಳಬಲ್ಲದೆಂದು ತೋರಿಸಿದ್ದು ಬೆವರು, ಮಣ್ಣು, ಕಂಬಳಿಗಳ ವಾಸನೆ ಹೊತ್ತ ಅವನ ದನಿ. ಹೊಸ ಪದ ಕಟ್ಟಿದಾಗಲೆಲ್ಲ ಮೊದಲು ನಮ್ಮ ಕಟ್ಟೆಯಲ್ಲೇ ಹಾಡುವುದು ಅವನ ರೂಢಿ.

"ಅಕ್ಕಾರ, ನೀವು ಛಲೋ ಐತಿ ಅಂದ್ರ ಗುಡಿ ಹಿರ್ಯಾರ ಮುಂದ ಹಚ್ಚತೇನಿ. ಇಲ್ಲಂದ್ರ ಇಲ್ಲಿಗೇ ಬಿಡತೇನಿ."

ಹಚ್ಚಿದೆ. ಟೇಪ್ ರೆಕಾರ್ಡರ್ ಶುರುವಾದದ್ದೇ ಎದೆ ಧಸಕ್ಕೆಂದಿತು. ಡೊಳ್ಳಿಲ್ಲ, ತಾಳವಿಲ್ಲ, ಯಾವುದೋ ಯಂತ್ರದ ಧಡ್ ಧಡ್, ನಡುನಡುವೆ ಕೀಬೋರ್ಡಿನ ಕಿರುಚಾಟ, ಅದರ ಮೇಲೆ ಡಿಸ್ಕೋ ಕುಣಿಯುತ್ತಿರುವ ಬೀರಪ್ಪನ ಕಥೆ! ದೇವರ ಮನೆಯ ನಂದಾದೀಪ ಆರಿಸಿ ಯಾರೋ ಬಣ್ಣದ ಬಲ್ಬಿನ ಸರ ಇಳಿಬಿಟ್ಟಂತೆ. ಇದು ನಿನ್ನ ದನಿಯೇ ಅಲ್ಲ ಮಲ್ಲಪ್ಪ, ಎಂದುಬಿಟ್ಟೆ.

ಅವನು ನಾನಿಟ್ಟಿದ್ದ ಚಹಾದ ಕಪ್ಪನ್ನು ಮುಟ್ಟದೆ ಕ್ಯಾನು ಎತ್ತಿಕೊಂಡ. "ಹಂಗಾದ್ರ ಒಲಿಗೆ ಹಾಕ್ರಿ ಅದನ್ನ," ಎಂದು ಹೊರಟ. ಒಳಗೆ ಹಾಲು ಉಕ್ಕಿಹೋಗಿತ್ತು.

ಒಲೆಗೆ ಹಾಕಲು ಕೈ ಬರಲಿಲ್ಲ. ಮಧ್ಯಾಹ್ನ ಒಬ್ಬಳೇ ಕುಳಿತು ಮತ್ತೆ ಹಚ್ಚಿದೆ. ಪಕ್ಕದ ಶೆಡ್ಡಿನ ಮಗ್ಗಗಳ ಗದ್ದಲಕ್ಕೆ ಸೋಲದಂತೆ ಟೇಪಿನ ದನಿ ಏರಿಸುತ್ತ ಹೋದೆ. ಬೆಚ್ಚಿದ ಎದೆ ಇನ್ನೂ ತಹಬಂದಿಗೆ ಬಂದಿರಲಿಲ್ಲ, ಆದರೆ ಈಗ ಬೆಚ್ಚಿದ್ದು ಬೆಳಿಗ್ಗೆ ನಾನಾಡಿದ ಮಾತಿಗೇ ಇರಬಹುದೇ? ಅವನ ಪದ ಹಳೆಯದಾಗಿಯೇ ಉಳಿಯಲೆಂದು ನಾನು ಬಯಸಿದ್ದು ಬೀರಪ್ಪನಿಗಾಗಿಯೋ, ನನ್ನ ಮುಂಜಾನೆಯ ಕಟ್ಟೆಯ ಸುಖಕ್ಕಾಗಿಯೋ? ನಾಳೆ ಹಾಲು ತಂದವನ ಮುಖವನ್ನು ಹೇಗೆ ನೋಡಲಿ?

ಸಂಜೆ, ಉಳಿದ ಹಾಲಿಗೆ ಹೆಪ್ಪು ಹಾಕುತ್ತಿದ್ದಾಗ ಆ ಶೆಡ್ಡಿನಲ್ಲಿ ಕಂಡಿಕೆಗೆ ನೂಲು ಸುತ್ತುವ ಶಾಂತವ್ವ ಒಂದು ಚಮಚ ಮೊಸರು ಕೇಳಲು ಬಂದಳು. ಬಟ್ಟಲು ಹಿಡಿದು ಹೊರಟವಳು ಹೊಸ್ತಿಲಲ್ಲಿ ತಿರುಗಿದಳು.

"ಮಧ್ಯಾಹ್ನ ಹಚ್ಚಿದ್ರಲ್ಲಾ ವೈನಿ, ನಮ್ಮ ಮಲ್ಲಪ್ಪಂದ ಹೌದಿಲ್ಲೋ? ಮಗ್ಗದ ಜೋಡಿ ಭಾಳ ಛಲೋ ಕೂಡತಿತ್ರಿ. ಗುಡಿಗೆ ಹೋಗಾಕ ನಮಗೆಲ್ಲಿ ಪುರಸೊತ್ತು? ಬೀರಪ್ಪನ ಕತಿ ಪೂರಾ ಕೇಳಿದ್ದು ಇವತ್ತಽ ನೋಡ್ರಿ."